ನಾನು ಹೊನ್ನಾಳಿಯಲ್ಲಿ ಗೆದ್ದ ವಾದ

ಬುದ್ಧಿವಂತರಿಗೆ ವಾದ ಬರೆಯುವುದು ಕಷ್ಟವಲ್ಲ ಎಂದು ನಾನು ಹದಿಮೂರನೆಯ ವಯಸ್ಸಿನಲ್ಲಿ ಗಟ್ಟಿಯಾಗಿ ನಂಬಿದ್ದೆ. ನಾನು ಬುದ್ಧಿವಂತೆ ಎಂಬ ವಿಷಯದಲ್ಲಂತೂ ನನಗೆ ಅನುಮಾನವೇ ಇರಲಿಲ್ಲ! ನ್ಯಾಮತಿಯ ಮಿಡ್ಲ್ ಸ್ಕೂಲಿನಲ್ಲಿ ಹುಡುಗಿಯರೆಲ್ಲ ಸೇರಿದರೂ ಒಂದು ಬೆಂಚು ತುಂಬುತ್ತಿರಲಿಲ್ಲ. ಆ ಬೆಂಚಿಗೆಲ್ಲ ಮೊದಲನೆಯವಳು ನಾನು. ಯಾರಾದರೂ "ಭೇಷ್ ಗಿರಿಜಾ" ಎಂದರೆ ಸಾಕು, ಆ ದಿನ ನನಗೆ ಊಟವೂ ಬೇಡ.

ಆ ವರ್ಷದ ಪರೀಕ್ಷೆ ಮುಗಿದರೆ ಮುಂದೆ ಶಿವಮೊಗ್ಗದ ಹೈಸ್ಕೂಲು. ಅಲ್ಲಿ ಚಿಕ್ಕವ್ವನ ಮನೆಯಲ್ಲಿದ್ದು ಓದುವುದೆಂದು ಅಪ್ಪ ಆಗಲೇ ಒಪ್ಪಿಯಾಗಿತ್ತು. ನಮ್ಮ ಬೀದಿಯಿಂದ ಹೈಸ್ಕೂಲಿಗೆ ಹೋದ ಹುಡುಗಿಯೇ ಇರಲಿಲ್ಲ. ಅಪ್ಪ ಹೊಲದ ಕೆಲಸದವನು, ತಾನು ಹೆಚ್ಚು ಓದಿದವನಲ್ಲ, ಆದರೂ ಒಪ್ಪಿದ್ದ. ನಾನು ಸುಮ್ಮನೆ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಸಾಕಾಗಿತ್ತು.

ಆಗ ಬಂತು ಹೊನ್ನಾಳಿಯ ಚರ್ಚಾಸ್ಪರ್ಧೆ. ತಾಲ್ಲೂಕಿನ ಶಾಲೆಗಳಿಗೆಲ್ಲ ಚೀಟಿ ಎತ್ತಿ ಪಕ್ಷ ಹಂಚಿದ್ದರು. ನಮ್ಮ ಪಂಚಾಕ್ಷರಯ್ಯ ಮೇಷ್ಟ್ರು ನನ್ನನ್ನು ಕರೆದು, ಮುಖ ಒಂದು ಥರಾ ಮಾಡಿಕೊಂಡು ವಿಷಯ ಹೇಳಿದರು: "ಹೆಣ್ಣುಮಕ್ಕಳಿಗೆ ಮಿಡ್ಲ್ ಸ್ಕೂಲಿನಾಚೆಗಿನ ಓದು ಅನಗತ್ಯ. ನಮಗೆ ಬಂದಿರೋದು ಪರ, ಕಣವ್ವಾ. ಅನಗತ್ಯ ಅಂತ ನೀನು ಹೇಳಬೇಕು."

"ಆಗಲಿ ಸಾರ್!" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಗೆಲ್ಲುವುದೊಂದೇ ತಲೆಯಲ್ಲಿತ್ತು.

ಮೇಷ್ಟ್ರು ಚನ್ನಗಿರಿಯವರು. ಏನು ಹೇಳಿಕೊಡಬೇಕಾದರೂ ಅವರಿಗೆ ತಮ್ಮೂರ ಕೋಟೆ ನೆನಪಾಗುತ್ತಿತ್ತು. "ವಾದ ಅಂದ್ರೆ ಕೋಟೆ ಇದ್ದಂಗೆ. ಮೊದಲು ವಿಷಯ ಏನು ಅಂತ ಬಿಡಿಸಿ ಹೇಳು. ಆಮೇಲೆ ನಿನ್ನ ಕಾರಣ. ಆಮೇಲೆ, ಇದು ಮುಖ್ಯ, ಎದುರಿನವರು ಎಲ್ಲೆಲ್ಲಿ ಹತ್ತಾಕೆ ಬರ್ತಾರೋ ಅಲ್ಲೆಲ್ಲಾ ನೀನೇ ಮೊದಲು ಹೋಗಿ ಕಲ್ಲು ಇಟ್ಟಿರು. ಅವರು ಬಾಯಿ ತೆಗೆಯೋದರೊಳಗೆ ಉತ್ತರ ತಯಾರಿರಬೇಕು. ಕೊನೆಗೆ ಉಪಸಂಹಾರ."

ಬರೆಯಲು ಕೂತೆ. ಆದರೆ ಯಾವುದರ ಮೇಲೆ ಬರೆಯುವುದು? ಯುದ್ಧದ ಕಾಲ. ಸೀಮೆಎಣ್ಣೆಯಂತೆ ಕಾಗದವೂ ಸಿಗುತ್ತಿರಲಿಲ್ಲ. ಇದ್ದದ್ದು ಮೂಲೆ ಒಡೆದ ನನ್ನ ಸ್ಲೇಟು ಒಂದೇ. ಅದರಲ್ಲಿ ಒಂದು ಕಾರಣ ಬರೆದರೆ ಜಾಗ ಮುಗಿಯಿತು. ಅಳಿಸದೆ ಮುಂದಿನದು ಬರೆಯುವಂತಿಲ್ಲ. ಅಳಿಸಿದರೆ ಹಿಂದಿನದು ಹೋಯಿತು! ಎರಡು ದಿನ ಹೀಗೆ ಬರೆದದ್ದನ್ನೇ ಮರೆತು, ಮರೆತದ್ದನ್ನೇ ಬರೆದು, ತಲೆ ಕೆಟ್ಟುಹೋಯಿತು.

ಆಗ ನನಗೆ ಹೊಳೆದ ಉಪಾಯವನ್ನು ಇವತ್ತು ನೆನೆದರೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಸ್ಲೇಟು ಅಳಿಸುವ ಮೊದಲು, ಬರೆದದ್ದನ್ನು ಮನೆಯವರಿಗೆ ಬಾಯಿಪಾಠ ಮಾಡಿಸಿಬಿಟ್ಟೆ! ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಭಾಗ. ನನಗೆ ಬೇಕಾದಾಗ ಕೇಳಿದರಾಯಿತು.

ಮೊದಲ ಕಾರಣ ಅಜ್ಜಿಗೆ. "ಅಡುಗೆ, ಹಯನ, ಬಾಣಂತನ, ಬಿತ್ತನೆಬೀಜದ ಜೋಪಾನ, ಇವು ಯಾವ ಹೈಸ್ಕೂಲಿನಲ್ಲೂ ಇಲ್ಲದ ವಿದ್ಯೆಗಳು, ಮನೆಯೇ ಹೆಣ್ಣಿನ ಹೈಸ್ಕೂಲು." ಅಜ್ಜಿಗೆ ಇದು ಬಾಯಿಪಾಠ ಮಾಡುವ ಮೊದಲೇ ಬರುತ್ತಿತ್ತು ಎನ್ನುವಷ್ಟು ಸಲೀಸಾಗಿ ಹತ್ತಿತು. "ಇದನ್ನೆಲ್ಲಾ ಬರೆದೋಳು ನೀನೇನಾ ನನ್ನವ್ವಾ? ಎಷ್ಟು ಸತ್ಯ ಐತೆ!" ಎಂದು ನೆಟಿಕೆ ಮುರಿದಳು. ನಾನು ಹಿಗ್ಗಿದೆ.

ಎರಡನೆಯ ಕಾರಣ ಸಣ್ಣದು, ನಾನೇ ಇಟ್ಟುಕೊಂಡೆ. ಉಪಸಂಹಾರ ಅವ್ವನಿಗೆ. ಅವ್ವ ರಾಗಿ ಬೀಸುತ್ತಾ ಅದಕ್ಕೊಂದು ರಾಗ ಹಾಕಿಕೊಂಡು ಹೇಳುತ್ತಿದ್ದಳು.

ಎದುರಾಳಿಗಳ ಆಕ್ಷೇಪ ಮತ್ತು ಅವಕ್ಕೆ ಉತ್ತರ ಎಲ್ಲಕ್ಕಿಂತ ಉದ್ದ. ಅದನ್ನು ಅಪ್ಪನಿಗೆ ಕೊಟ್ಟೆ. ಅಪ್ಪ ಬಯಲಾಟದಲ್ಲಿ ಪಾರ್ಟು ಮಾಡುತ್ತಿದ್ದವನು. ರಾತ್ರಿಯಿಡೀ ಹೇಳುವ ಮಾತು ಅವನ ಗಂಟಲಲ್ಲಿ ನಿಲ್ಲುತ್ತಿತ್ತು. ನನ್ನ ಉತ್ತರಗಳನ್ನು ಎತ್ತುಗಳಿಗೆ ನೀರು ಕುಡಿಸುವಾಗಲೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. "ಓದಿದ ತಾಯಿ ಮಕ್ಕಳಿಗೆ ಪಾಠ ಹೇಳಿಕೊಡುವಳಲ್ಲವೇ ಎಂದರೆ, ಮಕ್ಕಳ ಮಗ್ಗಿಗೆ ಮಿಡ್ಲ್ ಸ್ಕೂಲು ಸಾಕು! ಹುಡುಗಿಯೇ ಅತ್ತು ಕೇಳಿದರೆ ಎಂದರೆ, ಮಕ್ಕಳು ಬೆಲ್ಲಕ್ಕೂ ಅಳುತ್ತಾರೆ, ಅಳು ವಾದವಲ್ಲ!" ಈ ಕೊನೆಯ ಉತ್ತರ ನನಗೆ ಬಹಳ ಇಷ್ಟವಾಗಿತ್ತು. ಅದನ್ನು ಬರೆದ ದಿನ ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಒಮ್ಮೆ ಅಪ್ಪ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ ಎಂದ. "ಅಲ್ಲವ್ವಾ, ಇಷ್ಟೆಲ್ಲಾ ಐತೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು."

"ಇನ್ನೂ ಐತೆ ಕೇಳಪ್ಪಾ!" ಎಂದು ನಾನು ಉತ್ಸಾಹದಿಂದ ಮತ್ತೊಂದು ಉತ್ತರ ಸೇರಿಸಿದೆ. ನನ್ನಂಥ ಜಾಣೆ ಆ ಊರಲ್ಲಿ ಇನ್ನೊಬ್ಬಳಿರಲಿಲ್ಲ.

ಸ್ಪರ್ಧೆಯ ದಿನ ಗಾಡಿ ಕಟ್ಟಿಕೊಂಡು ಹೊನ್ನಾಳಿಗೆ ಹೋದೆವು. ಅಜ್ಜಿಯೂ ಬಂದಳು. ದಾರಿಯುದ್ದಕ್ಕೂ ಅಪ್ಪ ಆಕ್ಷೇಪ ಹೇಳುವುದು, ನಾನು ಉತ್ತರ ಕೊಡುವುದು. ಎದುರು ಪಕ್ಷಕ್ಕೆ ಹೊನ್ನಾಳಿಯವಳೇ ಶಾಂತೆ ಎಂಬ ಹುಡುಗಿ. ಹೆಣ್ಣಿಗೆ ಓದು ಬೇಕೇ ಬೇಕು ಎಂದು ಪಾಪ ಮನಸ್ಸಿನಿಂದ ಮಾತಾಡಿದಳು. ಆದರೆ ಅವಳಿಗೆ ಕಲ್ಲು ಇಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಬಾಯಿ ತೆಗೆದ ಕಡೆಯೆಲ್ಲ ನನ್ನ ಉತ್ತರ ಸಿದ್ಧವಾಗಿತ್ತು. ಕೊನೆಗೆ, "ನನಗೆ ಓದಾಕೆ ಆಸೆ ಐತೆ, ಅಷ್ಟೇ" ಎಂದು ಅಳುತ್ತಾ ಕೂತಳು. ನಾನು ಎದ್ದು ನಿಂತು, ಅಳು ವಾದವಲ್ಲ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಮ್ಮಪ್ಪ.

ಬಹುಮಾನವಾಗಿ ಫೌಂಟನ್ ಪೆನ್ನು ಕೊಟ್ಟರು! ಹೆಣ್ಣಿಗೆ ಇಷ್ಟು ಓದು ಸಾಕೇ ಸಾಕು ಎಂದು ಸಾಧಿಸಿದವಳಿಗೆ ಪೆನ್ನು. ಸಭೆಯಲ್ಲಿ ಯಾರಿಗೂ ನಗು ಬರಲಿಲ್ಲ. ನನಗೂ ಬರಲಿಲ್ಲ.

ಪರೀಕ್ಷೆ ಆಯಿತು, ಪಾಸೂ ಆಯಿತು. ಶಿವಮೊಗ್ಗದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ನಾನೇ ಕೇಳಿದೆ. "ಅಪ್ಪಾ, ನನ್ನನ್ನ ಶಿವಮೊಗ್ಗಕ್ಕೆ ಯಾವಾಗ ಬಿಟ್ಟು ಬರ್ತೀಯಾ?"

ಅಪ್ಪ ಆಶ್ಚರ್ಯದಿಂದ ನನ್ನನ್ನು ನೋಡಿದ. "ಯಾತಕ್ಕವ್ವಾ? ನೀನೇ ಬ್ಯಾಡ ಅಂದೀಯಲ್ಲ! ನನಗೆ ಮೊದಲು ಕಳಸಾಕೆ ಮನಸಿತ್ತು. ನಿನ್ನ ಮಾತು ಕೇಳಿದ ಮೇಲೆ ನನ್ನ ಕಣ್ಣು ತೆರೀತು."

ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ. "ಅದು ಚೀಟಿಯಲ್ಲಿ ಬಂದ ಪಕ್ಷ ಅಪ್ಪಾ! ನನ್ನ ಮನಸಿನ ಮಾತಲ್ಲ. ನೀನು ಬಯಲಾಟದಾಗೆ ದುಶ್ಶಾಸನನ ಪಾರ್ಟು ಮಾಡ್ತೀಯಲ್ಲ, ನೀನೇನು ದುಶ್ಶಾಸನನಾ?"

ಇದಕ್ಕೆ ಅಪ್ಪನ ಬಳಿ ಉತ್ತರ ಇರಲಾರದು ಎಂದುಕೊಂಡೆ. ಅಪ್ಪ ಮೆತ್ತಗೆ ಹೇಳಿದ. "ಆ ಮಾತು ಯಾರೋ ಬರೆದದ್ದು ಮಗಳೇ, ನಾನು ಬರೇ ಹೇಳ್ತೀನಿ. ಇದನ್ನ ನೀನೇ ಬರೆದೀಯಲ್ಲ."

ಓದಿದರೆ ಮುಂದೆ ನನ್ನ ಮಕ್ಕಳಿಗೆ ಕಲಿಸಬಹುದು ಎಂದೆ. ಮಗ್ಗಿಗೆ ಮಿಡ್ಲ್ ಸ್ಕೂಲು ಸಾಕು ಎಂದ. ಇನ್ನೊಂದು ಹೇಳಿದೆ, ಅದಕ್ಕೂ ಉತ್ತರ ಬಂತು, ನಾನು ಬರೆದ ಮಾತಿನಲ್ಲೇ, ಒಂದಕ್ಷರ ಆಚೀಚೆ ಇಲ್ಲದೆ! ನಡುವೆ ಅಜ್ಜಿ ತನ್ನ ಪಾಲಿನ ಮೊದಲ ಕಾರಣವನ್ನು ಪೂರ್ತಿ ಒಪ್ಪಿಸಿದಳು. ಕೊನೆಗೆ ನಾನು ಅತ್ತುಬಿಟ್ಟೆ. ಅಪ್ಪ ಏನೋ ಹೇಳಲು ಬಾಯಿ ತೆರೆದ, ಹೇಳಲಿಲ್ಲ. ಅದೊಂದು ಉತ್ತರವನ್ನು ಅವನು ನುಂಗಿಕೊಂಡ. ಆದರೆ ನಮ್ಮಿಬ್ಬರಿಗೂ ಅದು ಬಾಯಿಪಾಠ ಬರುತ್ತಿತ್ತು.

"ನಿನ್ನ ಭಾಗ ಹೇಳೇ, ಮುಗಿದುಹೋಗಲಿ" ಎಂದು ಅಜ್ಜಿ ಒಲೆಯ ಮುಂದಿದ್ದ ಅವ್ವನಿಗೆ ಹೇಳಿದಳು. ಅವ್ವ ತಲೆ ಎತ್ತದೆ ರೊಟ್ಟಿ ತಿರುವಿ ಹಾಕಿದಳು.

"ನನಗೆ ಮರೆತೈತೆ ಕಣ್ರೀ ಅತ್ತೆ" ಎಂದಳು. ಅದೇ ದಿನ ಬೆಳಿಗ್ಗೆ ಬೀಸುವಾಗ ಅವಳು ಅದನ್ನು ಪೂರ್ತಿ ಹೇಳಿಕೊಂಡದ್ದನ್ನು ನಾನು ಕೇಳಿದ್ದೆ.

ಮಾರನೆಯ ದಿನ ಓಡಿಹೋಗಿ ಮೇಷ್ಟ್ರನ್ನು ಕರೆತಂದೆ. ನನಗೆ ಕಲಿಸಿದವರು ಅವರು, ನನ್ನ ವಾದ ಮುರಿಯುವುದು ಅವರಿಗೆಷ್ಟು ಹೊತ್ತು! ಅಪ್ಪ ಕಂಬಳಿ ಹಾಸಿ, "ಬರ್ರಿ ಮೇಷ್ಟ್ರೇ, ಕುಂದರ್ರಿ" ಎಂದು ಮರ್ಯಾದೆಯಿಂದ ಕೂರಿಸಿದ. ಮೇಷ್ಟ್ರು ಒಂದು ಕಡೆಯಿಂದ ಹತ್ತಿದರು, ಕಲ್ಲು. ಇನ್ನೊಂದು ಕಡೆಯಿಂದ ಹತ್ತಿದರು, ಅಲ್ಲೂ ಕಲ್ಲು. "ಇದೆಲ್ಲಾ ನೀವೇ ಕಲಿಸಿದ್ದಲ್ಲೇನ್ರೀ? ಸುಳ್ಳು ಕಲಿಸ್ತೀರಾ?" ಎಂದು ಅಪ್ಪ ಮುಗ್ಧವಾಗಿ ಕೇಳಿದ ಮೇಲೆ ಮೇಷ್ಟ್ರು ಮಜ್ಜಿಗೆ ಕುಡಿದು ಎದ್ದರು. ಬಾಗಿಲಲ್ಲಿ ನನ್ನ ತಲೆಯ ಮೇಲೆ ಕೈ ಇಟ್ಟಾಗ ಅವರ ಕಣ್ಣು ತುಂಬಿತ್ತು.

"ಒಳಗೆ ನುಗ್ಗಾಕೆ ಒಂದು ಸಂದೂ ಬಿಟ್ಟಿಲ್ಲವಲ್ಲವ್ವಾ ನೀನು" ಎಂದರು. ಅವರಿಂದ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ.

ಹೈಸ್ಕೂಲು ತೆರೆಯುವ ದಿನ ಬಂತು. ಅವ್ವ ಒಂದು ಜಾಡಿ ಮಾವಿನ ಉಪ್ಪಿನಕಾಯಿಗೆ ಬಟ್ಟೆ ಕಟ್ಟಿ, ಚಿಕ್ಕವ್ವನಿಗೆ ತಲುಪಿಸಲು ಶಿವಮೊಗ್ಗದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಾ ಎಂದಳು. ಆ ಮನೆಗೆ ನಾನು ಹೋಗಬೇಕಿತ್ತು. ಉಪ್ಪಿನಕಾಯಿ ಹೋಯಿತು!

ಜಾಡಿ ಕೊಟ್ಟು ತಿರುಗಿದರೆ ಬಸ್ಸಿನ ಕಿಟಕಿಯಲ್ಲಿ ಶಾಂತೆ ಕೂತಿದ್ದಳು. ಕಾಲ ಬಳಿ ಹೊಸ ಟ್ರಂಕು. ನನ್ನನ್ನು ಕಂಡು ಅವಳ ಮುಖ ಅರಳಿತು; ಸೋತ ಸಿಟ್ಟು ಇಷ್ಟೂ ಇರಲಿಲ್ಲ. "ಏ ಗಿರಿಜಾ! ನೀನೂ ಹೈಸ್ಕೂಲಿಗಾ? ಬಾರೇ, ಇಲ್ಲಿ ಜಾಗ ಐತೆ."

"ನಾನು ಬರಲ್ಲ ಕಣೆ."

"ಯಾಕೇ?"

"ನಾನು ಗೆದ್ದೆನಲ್ಲ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಬಸ್ಸು ತಳ್ಳಬೇಕೆಂದು ಕೂಗಿಕೊಂಡ. ಪೆಟ್ರೋಲು ಸಿಗದ ಆ ಕಾಲದಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು, ಅಂದರೆ ಬಹಳ ಮಟ್ಟಿಗೆ ಓಡುತ್ತಿರಲಿಲ್ಲ. ಹೆಂಗಸರು ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಇಳಿದು ತಳ್ಳತೊಡಗಿದರು. ಬಸ್ಸು ಅಲುಗಲಿಲ್ಲ. ನಾನು ಎರಡೂ ಕೈ ಹಚ್ಚಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ಸೋತವಳು ಒಳಗೆ ಕೂತಿದ್ದಳು, ಗೆದ್ದವಳು ಹಿಂದಿನಿಂದ ತಳ್ಳುತ್ತಿದ್ದಳು!

ಬಸ್ಸು ಕೆಮ್ಮಿ, ಹೊಗೆ ಉಗುಳಿ, ಹೊರಟೇಬಿಟ್ಟಿತು. ಕಂಡಕ್ಟರ್ ಓಡಿ ಹತ್ತುತ್ತಾ ನನ್ನತ್ತ ತಿರುಗಿ, "ಭೇಷ್ ಕಣವ್ವಾ! ನೀನು ಕೈ ಹಚ್ಚಿದ ಮೇಲೇ ಗಾಡಿ ಹೊಂಟಿದ್ದು!" ಎಂದ.

ಸುಳ್ಳು ಹೇಳುವುದಿಲ್ಲ, ಆ ಮಾತಿಗೂ ನಾನು ಹಿಗ್ಗಿದೆ. ಶಾಂತೆ ಕಿಟಕಿಯಿಂದ ಕೈ ಬೀಸುತ್ತಾ ಸವಳಂಗದ ದಾರಿಯಲ್ಲಿ ಮರೆಯಾಗುವವರೆಗೂ, ಬಸ್ಸನ್ನು ಹೊರಡಿಸಿದವಳು ನಾನೇ ಎಂಬ ಜಂಬದಲ್ಲಿ ನಿಂತೇ ಇದ್ದೆ. ಆಮೇಲೆ ಅಂಗೈಗೆ ಹತ್ತಿದ್ದ ಮಸಿಯನ್ನು ಲಂಗಕ್ಕೆ ಒರೆಸಿಕೊಂಡು, ಅಳುತ್ತಾ ಮನೆಗೆ ಬಂದೆ.