ನೀಲಿಗೆ ಟಾನಿಕ್ ಕುಡಿಸಿದ್ದು

ಎತ್ತು ಪಳಗಿಸುವುದರಲ್ಲಿ ನಮ್ಮ ಸೀಮೆಗೆಲ್ಲ ನನ್ನದು ಎತ್ತಿದ ಕೈ. ಇದನ್ನು ನಾನೇ ಹೇಳಿಕೊಳ್ಳಬಾರದು, ನಿಜ. ಬೇರೆಯವರು ಹೇಳಲಿ ಎಂದು ಬಹಳ ಕಾಲ ಕಾದು ನೋಡಿದೆ, ಯಾರೂ ಬಾಯಿ ಬಿಡಲಿಲ್ಲ. ಚೌಳಹಿರಿಯೂರಿನ ಸುತ್ತಮುತ್ತ ಯಾರ ಮನೆಯ ಹೋರಿ ಒದೆಯಲಿ, ಹಾಯಲಿ, ನೊಗ ಕಂಡ ಕೂಡಲೇ ಮಲಗಿಬಿಡಲಿ, ಕೊನೆಗೆ ಅದನ್ನು ನಮ್ಮ ಕೊಟ್ಟಿಗೆಗೇ ಹೊಡೆದುಕೊಂಡು ಬರುತ್ತಿದ್ದರು. ನಾನು ಬಾರುಕೋಲು ಮುಟ್ಟುತ್ತಿರಲಿಲ್ಲ. ಮೇವು ಬದಲಾಯಿಸುತ್ತಿದ್ದೆ, ಅಷ್ಟೆ. ಹುರುಳಿ ನಿಲ್ಲಿಸಿ ಹಿಂಡಿ ಹಾಕುವುದು, ಹಿಂಡಿ ನಿಲ್ಲಿಸಿ ಹಸಿಹುಲ್ಲು ಹಾಕುವುದು. ಹೊಟ್ಟೆಗೆ ಬೀಳುವುದು ಸರಿಯಾದರೆ ತಲೆ ತಾನಾಗಿ ಸರಿಯಾಗುತ್ತದೆ ಎನ್ನುವುದು ನನ್ನ ಸಿದ್ಧಾಂತ.

ಈ ಸಿದ್ಧಾಂತವನ್ನು ಕೊಟ್ಟಿಗೆಯಲ್ಲೇ ಬಿಟ್ಟು ಬಂದಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥನಾಗಿರುತ್ತಿದ್ದೆ. ಮನೆಯೊಳಕ್ಕೆ ತಂದೆ!

ನನ್ನ ಮಗಳು ನೀಲಿ ಆಗ ಏಳು ವರ್ಷದವಳು. ನೋಡಲು ಮೆಣಸಿನಕಾಯಿಯಷ್ಟೇ ಇದ್ದಳು. ನನ್ನ ತಂಗಿ ಗಿರಿಜೆಗೆ ಗಂಡು ನೋಡುತ್ತಿದ್ದ ಕಾಲ ಅದು. ತರೀಕೆರೆಯಿಂದ ಮೊದಲ ಬೀಗರು ಬಂದರು. ಒಳಗೆ ಅವರಿಗೆ ಉಪ್ಪಿಟ್ಟು ಬಡಿಸುವಷ್ಟರಲ್ಲಿ ಹೊರಗೆ ಜಗಲಿಯ ಕೆಳಗಿದ್ದ ಅವರ ಚಪ್ಪಲಿಗಳನ್ನೆಲ್ಲ ನೀಲಿ ಬಾವಿಗೆ ಹಾಕಿದ್ದಳು. ಯಾಕೆ ಹಾಕಿದೆ ಎಂದರೆ, ತೇಲುತ್ತವೋ ಮುಳುಗುತ್ತವೋ ನೋಡಬೇಕಿತ್ತು ಎಂದಳು. ಮುಳುಗಿದವು. ಬೀಗರು ಬರಿಗಾಲಲ್ಲಿ ಗಾಡಿ ಹತ್ತಿದರು. ಆಮೇಲೆ ಕಡೂರಿನ ಕಡೆಯಿಂದ ಇನ್ನೊಂದು ಗಂಡು ಬಂತು. ಸ್ವಲ್ಪ ವಯಸ್ಸಾದ ಗಂಡು, ತಲೆಯ ಮೇಲೆ ಕೂದಲು ಅಲ್ಲೊಂದು ಇಲ್ಲೊಂದು. ನೀಲಿ ಅವರ ಮುಂದೆ ಹೋಗಿ ನಿಂತು, ತಾತ, ಗಂಡು ಎಲ್ಲಿ ಎಂದು ಕೇಳಿದಳು. ಅವರ ಅಣ್ಣ ಗದರಿಸಿದ್ದಕ್ಕೆ ಕೈ ಕಚ್ಚಿದಳು. ಅವರು ಊಟಕ್ಕೂ ನಿಲ್ಲಲಿಲ್ಲ.

ಹೀಗಿರುವಾಗ ಅಜ್ಜಂಪುರದ ಮರುಳಪ್ಪನವರ ಮನೆಯಿಂದ ಹೇಳಿಕಳಿಸಿದರು. ಹಬ್ಬ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದು. ಹುಡುಗ ಬಸಣ್ಣ. ಹಿಂದಿನ ವರ್ಷ ನಂಟರ ಮದುವೆಯೊಂದರಲ್ಲಿ ಗಿರಿಜೆ ಅವನನ್ನು ನೋಡಿದ್ದಳಂತೆ, ಅವನೂ ನೋಡಿದ್ದನಂತೆ. ಇದನ್ನು ನನ್ನ ಹೆಂಡತಿ ಹಾಲಮ್ಮ ಹೇಳಿದ ಮೇಲೇ ನನಗೆ ಗೊತ್ತಾದದ್ದು. ಆವತ್ತು ಸಂಜೆ ಗಿರಿಜೆ ನನ್ನ ಹತ್ತಿರ ಬಂದು ಕಂಬ ಹಿಡಿದುಕೊಂಡು ನಿಂತಳು. ಎಂದೂ ಏನೂ ಕೇಳದ ಹುಡುಗಿ.

"ಅಣ್ಣ, ಇದೊಂದು ಕೆಡದಂಗೆ ನೋಡ್ಕೋ. ಇದೂ ಕೆಟ್ರೆ ಇನ್ಯಾರ ಮುಂದೂ ನನ್ನನ್ನ ಕೂರಿಸ್ಬೇಡ."

ಅಲ್ಲೇ ಮಾತು ಕೊಟ್ಟೆ. ನೀಲಿಯನ್ನು ಪಳಗಿಸುವ ಕೆಲಸವನ್ನು ಅಧಿಕೃತವಾಗಿ ಕೈಗೆತ್ತಿಕೊಂಡೆ.

ಮೊದಲು ಕೊಟ್ಟಿಗೆಯ ಕ್ರಮ. ಉಷ್ಣ ಹೆಚ್ಚಾಗಿದೆ ಎಂದು ತೀರ್ಮಾನಿಸಿ ಹುರುಳಿ ಸಾರು ನಿಲ್ಲಿಸಿದೆ, ಅಂಬಲಿ ಮಜ್ಜಿಗೆ ಶುರು ಮಾಡಿದೆ. ಹಸಿದ ಹುಡುಗಿ ಮೊದಲಿಗಿಂತ ಹೆಚ್ಚು ಕಚ್ಚಿದಳು. ಹೊಟ್ಟೆ ಶುದ್ಧಿಯಾಗಲಿ ಎಂದು ಹರಳೆಣ್ಣೆ ಕುಡಿಸಿದೆ. ಆ ಇಡೀ ದಿನ ನೀಲಿ ಯಾರ ತಂಟೆಗೂ ಹೋಗಲಿಲ್ಲ! ಮನೆಯಲ್ಲಿ ಇದ್ದರೆ ತಾನೇ, ಹೊಲದ ಕಡೆಗೇ ಇದ್ದಳು. ನಾನು ಗೆದ್ದೆ ಎಂದು ಮೀಸೆ ತಿರುವಿದೆ. ಮಾರನೆಯ ದಿನ ಅವಳು ಸೇಡು ತೀರಿಸಿಕೊಳ್ಳಲು ನನ್ನ ರುಮಾಲನ್ನು ಕರುವಿಗೆ ತಿನ್ನಿಸಿದಳು. ಆಮೇಲೆ ಮೈ ಭಾರವಾದರೆ ಓಟ ಕಡಿಮೆಯಾದೀತು ಎಂದು ಕೊಬ್ಬರಿ, ಬೆಲ್ಲ, ತುಪ್ಪ ಸುರಿದೆ. ಮೈಯಲ್ಲಿ ಕಸುವು ಬಂತು. ಇಷ್ಟು ದಿನ ಕೈಗೆಟುಕದ ಕಾರಣಕ್ಕೆ ಬಿಟ್ಟಿದ್ದ ಅಟ್ಟವನ್ನು ಹತ್ತಿ ಅಲ್ಲಿಂದ, ಕಂದಾಯದ ಲೆಕ್ಕಕ್ಕೆ ಬಂದು ಕೆಳಗೆ ಕೂತಿದ್ದ ಶಾನುಭೋಗರ ತಲೆಯ ಮೇಲೆ ರಾಗಿ ಹಿಟ್ಟು ಉದುರಿಸಿದಳು. ಇಷ್ಟು ದಿನ ಪಾಪ, ತ್ರಾಣವಿಲ್ಲದೆ ಸುಮ್ಮನಿದ್ದಳು ಎಂದು ಆಗ ತಿಳಿಯಿತು.

ಹಾಲಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. ಅದೇನು ಮಗುವೋ ಹೋರಿಯೋ, ಒಂದಿಷ್ಟು ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ ನೋಡಬಾರದೇ ಎಂದಳು. ಮಾತಿನಿಂದ ಪಳಗಿದ ಎತ್ತನ್ನು ನಾನು ಇದುವರೆಗೆ ಕಂಡಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಕೊಬ್ಬರಿ ಮಂಡಿಗೆ ಹಾಕಲು ಬೀರೂರಿಗೆ ಗಾಡಿ ಕಟ್ಟಿಕೊಂಡು ಹೋದಾಗ ನನ್ನ ಭಾಗ್ಯದ ಬಾಗಿಲು ತೆರೆಯಿತು. ರೈಲ್ವೆ ಸ್ಟೇಷನ್ನಿನ ಹೊರಗೆ ಕರೀ ಕೋಟಿನವನೊಬ್ಬ ಪೆಟ್ಟಿಗೆಯ ತುಂಬ ಸೀಸೆ ಜೋಡಿಸಿಕೊಂಡು ನಿಂತಿದ್ದ. ಸೀಸೆಯ ಮೇಲೆ ಚಿತ್ರ. ಗುಂಡುಗುಂಡಾದ ಒಂದು ಮಗು ಕೈಕಟ್ಟಿ ಕೂತಿದೆ, ಪಕ್ಕದಲ್ಲಿ ಸಿಂಹವೂ ಕೈಕಟ್ಟಿ ಕೂತಿದೆ. ಸಿಂಹವೇ ಕೈಕಟ್ಟಿ ಕೂತ ಮೇಲೆ ನೀಲಿ ಯಾವ ಲೆಕ್ಕ? ಅವನು ನನ್ನನ್ನು ಕೇಳಿದ, ಮಗು ಹಟ ಮಾಡುತ್ತದೆಯೇ, ಕಚ್ಚುತ್ತದೆಯೇ, ಹೇಳಿದ್ದಕ್ಕೆ ತಿರುಗಿಸಿ ಹೇಳುತ್ತದೆಯೇ? ನಮ್ಮ ಮನೆಗೆ ಬಂದು ನೋಡಿಕೊಂಡು ಹೋದವನ ಹಾಗೆ ಕೇಳಿದ. ಎಲ್ಲಕ್ಕೂ ಹೌದು ಎಂದೆ. ಅದು ಮಗುವಿನ ತಪ್ಪಲ್ಲ, ರಕ್ತದಲ್ಲಿ ಕಬ್ಬಿಣ ಸಾಲದು ಎಂದ.

ನನಗೆ ಅವಮಾನವಾಯಿತು. ಕೆಮ್ಮಣ್ಣುಗುಂಡಿಯ ಗುಡ್ಡ ಹೊಟ್ಟೆ ತುಂಬ ಕಬ್ಬಿಣ ಇಟ್ಟುಕೊಂಡು ಕಣ್ಣೆದುರಿಗೇ ನಿಂತಿದೆ, ನನ್ನ ಮಗಳ ರಕ್ತದಲ್ಲಿ ಮಾತ್ರ ಅದಕ್ಕೆ ಬಡತನವೇ? ಇದ್ದಷ್ಟು ಸೀಸೆ ತೆಗೆದುಕೊಂಡೆ. ಅದಕ್ಕೆ ಟಾನಿಕ್ ಎನ್ನಬೇಕು ಎಂದು ಅವನೇ ಹೇಳಿಕೊಟ್ಟ. ಊರು ಮುಟ್ಟುವವರೆಗೂ ಮರೆಯದಿರಲಿ ಎಂದು ಎತ್ತುಗಳಿಗೆ ಹೇಳುತ್ತ ಬಂದೆ.

ನೀಲಿ ಸೀಸೆಯನ್ನು ಮೂಸಿದಳು. ಮೂಗು ಮುರಿದಳು.

"ನೀನು ಮೊದ್ಲು ಕುಡಿ."

ನ್ಯಾಯವಾದ ಮಾತು. ಮಗುವಿಗೆ ಹಾಲು ಕುಡಿಸುವ ಪುಟ್ಟ ಒಳಲೆಯ ತುಂಬ ಬಗ್ಗಿಸಿಕೊಂಡು ಕುಡಿದೆ. ಆಹಾ! ಸಿಹಿ, ಮೇಲೆ ಸ್ವಲ್ಪ ಒಗರು, ಗಂಟಲಿನಿಂದ ಹೊಟ್ಟೆಯವರೆಗೆ ಬೆಚ್ಚಗೆ ಒಂದು ಗೆರೆ. ಔಷಧಿ ಎಂದರೆ ಹೀಗಿರಬೇಕು. ನೀಲಿ ತನ್ನ ಪಾಲನ್ನು ಬಾಯಿಗೆ ಹಾಕಿಕೊಂಡು ಕೊಟ್ಟಿಗೆಯ ಕಡೆ ಓಡಿದಳು. ಅಲ್ಲಿಗೇಕೆ ಓಡಿದಳು ಎಂದು ನಾನು ಕೇಳಲಿಲ್ಲ. ಔಷಧಿ ಒಳಗೆ ಹೋದರಾಯಿತು, ಹುಡುಗಿ ಎಲ್ಲಿಗೆ ಹೋದರೇನು?

ಅಂದಿನಿಂದ ಅದೇ ಕರಾರಾಯಿತು. ಅವಳಿಗೊಂದು ಒಳಲೆಯಾದರೆ ನನಗೊಂದು ಒಳಲೆ. ಬೆಳಿಗ್ಗೆ ಮತ್ತು ಸಂಜೆ. ಮಗುವಿಗೆ ಧೈರ್ಯ ಬರಲಿ ಎಂದು ಮಧ್ಯಾಹ್ನವೂ ಸೇರಿಸಿದೆ. ಮಧ್ಯಾಹ್ನ ಅವಳು ಮಲಗಿದ್ದರೆ ಎಬ್ಬಿಸುತ್ತಿರಲಿಲ್ಲ, ಅವಳ ಪಾಲಿನ ಧೈರ್ಯವನ್ನೂ ನಾನೇ ತೆಗೆದುಕೊಳ್ಳುತ್ತಿದ್ದೆ. ಹೇಳಿದರೆ ನಂಬುವುದಿಲ್ಲ, ಗುಣ ಕಾಣಿಸಿತು! ನೀಲಿ ಹೊರಗೆ ಓಡುವುದನ್ನು ಬಿಟ್ಟಳು. ಪಡಸಾಲೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು ನನ್ನನ್ನೇ ನೋಡುತ್ತಿದ್ದಳು. ಅಷ್ಟು ಶಾಂತಿ. ನಾನು ಆಗ ಹಾಡುತ್ತಿದ್ದೆನಂತೆ. ತೆಂಗಿನ ಮರಗಳಿಗೆ ಒಂದೊಂದು ಹೆಸರಿಟ್ಟು ಕ್ಷೇಮ ವಿಚಾರಿಸುತ್ತಿದ್ದೆನಂತೆ. ಕಂದಾಯದ ಮಾತಿಗೆ ಬಂದ ಶಾನುಭೋಗರನ್ನು ಬಿಗಿಯಾಗಿ ಅಪ್ಪಿಕೊಂಡೆನಂತೆ. ಶಾನುಭೋಗರನ್ನು ನಮ್ಮೂರಿನಲ್ಲಿ ಅದುವರೆಗೆ ಯಾರೂ ಅಪ್ಪಿಕೊಂಡಿರಲಿಲ್ಲ. ಅವರು ಹೆದರಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋದರಂತೆ. ನನಗೆ ಇದಾವುದೂ ವಿಶೇಷ ಎನಿಸಲಿಲ್ಲ. ಮಗಳು ಸರಿಹೋದ ಸಂತೋಷ ಎಂದುಕೊಂಡೆ.

"ಅವಳಿಗೆ ಕುಡಿಸ್ತೀರೋ, ನೀವೇ ಕುಡೀತೀರೋ?" ಎಂದು ಹಾಲಮ್ಮ ಕೇಳಿದಳು.

ತಂದೆಯಾದವನು ತ್ಯಾಗ ಮಾಡಬೇಕಾಗುತ್ತದೆ ಎಂದು ನಾನು ಗಂಭೀರವಾಗಿ ಉತ್ತರ ಕೊಟ್ಟೆ.

ಅಜ್ಜಂಪುರದವರು ಬರುವ ದಿನ ಬಂತು. ಗಿರಿಜೆ ಹಸಿರು ಸೀರೆ ಉಟ್ಟು ಒಳಗೆ ಕೂತಿದ್ದಳು. ಇವತ್ತು ಅಪಾಯ ಬೇಡ ಎಂದು ನೀಲಿಗೆ ಒಳಲೆ ಬಿಟ್ಟು ಲೋಟದಲ್ಲೇ ಕೊಟ್ಟೆ. ಕರಾರಿನ ಪ್ರಕಾರ ನಾನೂ ಒಂದು ಲೋಟ. ಎದೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೊಂದು ಲೋಟ. ಮರುಳಪ್ಪನವರ ಗಾಡಿಯ ಗೆಜ್ಜೆ ಕೇಳಿಸಿತು, ಬೀಗರ ಗೌರವಕ್ಕೆ ಇನ್ನೊಂದು ಲೋಟ.

ಎಲ್ಲ ಚೆನ್ನಾಗಿಯೇ ಶುರುವಾಯಿತು. ನೀಲಿ ಜರಿಲಂಗ ಹಾಕಿಕೊಂಡು ಬೀಗರ ಕಾಲಿಗೆ ನೀರು ಕೊಟ್ಟಳು. ಚಪ್ಪಲಿ ಸಾಲಾಗಿ ಇಟ್ಟಳು. ಮರುಳಪ್ಪನವರು ತೂಕದ ಮನುಷ್ಯ. ಬಿಳಿ ಮೀಸೆ, ಕಡಿಮೆ ಮಾತು. ದನದ ವಿಷಯದಲ್ಲಿ ಬಹಳ ತಿಳಿದವರು. ನಮ್ಮ ಕರಿಯ ಅಜ್ಜಂಪುರದ ಸರ್ಕಾರಿ ದನ ಮೇಯಿಸುವ ಕಾವಲಿನ ಹರಾಜಿನಲ್ಲಿ ತಂದ ಅಮೃತಮಹಲ್ ಹೋರಿ. ಮೂಗಿನಲ್ಲಿ ಬುಸುಗುಟ್ಟಿದರೆ ಆಳುಗಳು ಬೇಲಿ ಹಾರುತ್ತಿದ್ದರು, ನಾನೊಬ್ಬನೇ ಹತ್ತಿರ ಹೋಗಬಲ್ಲವನು. ಅದರ ಕೀರ್ತಿ ಅವರ ಕಿವಿಗೂ ಬಿದ್ದಿತ್ತು. ಹೆಣ್ಣನ್ನು ಕರೆಸುವ ಮೊದಲು ಹೋರಿ ನೋಡೋಣ ಎಂದರು.

ನಾನು ಎದೆಯುಬ್ಬಿಸಿಕೊಂಡು ಹಗ್ಗ ಬಿಚ್ಚಿದೆ. ಎಲ್ಲರೂ ದೂರ ನಿಲ್ಲಿ, ಇದು ಹೋರಿಯಲ್ಲ, ಸಿಡಿಲು ಎಂದು ಎಚ್ಚರಿಕೆ ಕೊಟ್ಟೆ. ಸಿಡಿಲು ಕಾಲೆಳೆಯುತ್ತ ಹೊರಗೆ ಬಂತು. ನೇರವಾಗಿ ಮರುಳಪ್ಪನವರ ಹತ್ತಿರ ಹೋಯಿತು. ಅವರ ಹೆಗಲ ಮೇಲೆ ಗದ್ದ ಇಟ್ಟಿತು. ರುಮಾಲು ನೆಕ್ಕಿತು. ಆಮೇಲೆ ಅವರ ಕಾಲ ಬುಡದಲ್ಲೇ ಮಲಗಿ ಗೊರಕೆ ಹೊಡೆಯಿತು!

ಮರುಳಪ್ಪನವರು ನನ್ನ ಮುಖ ನೋಡಿದರು. ನನ್ನ ಮಾನ ಅಂಗಳದಲ್ಲಿ ಗೊರಕೆ ಹೊಡೆಯುತ್ತಿತ್ತು. ಬಾಲ ತಿರುಚಿದೆ, ಏಳಲಿಲ್ಲ. ಕಿವಿಯಲ್ಲಿ ಕೂಗಿದೆ, ಒಂದು ಕಣ್ಣು ಬಿಟ್ಟು ಮುಚ್ಚಿತು. ಇವತ್ತೇನೋ ಆಗಿದೆ, ದಿನವೂ ಹೀಗಿರುವುದಿಲ್ಲ, ಇದು ಹಾಯುವ ರೀತಿಯೇ ಬೇರೆ ಎಂದು ವಿವರಿಸಲು ಹೊರಟೆ. ವಿವರಣೆಗೆ ಮಾತು ಸಾಲದು ಎನಿಸಿತು. ಹೆಗಲ ಮೇಲಿನ ವಲ್ಲಿ ತೆಗೆದು ಬಿಸಾಡಿದೆ. ನಾಲ್ಕು ಕಾಲಿನ ಮೇಲೆ ನಿಂತೆ, ಅಂದರೆ ಎರಡು ಕಾಲು ಮತ್ತು ಎರಡು ಕೈ. ಮಣ್ಣು ಕೆರೆದೆ. ಬುಸುಗುಟ್ಟಿದೆ. "ನೋಡಿ, ಹಿಂಗೆ ಬತ್ತದೆ" ಎಂದು ತಲೆ ತಗ್ಗಿಸಿ ನುಗ್ಗಿದೆ.

ಎದುರಿಗೆ ಬಸಣ್ಣ ನಿಂತಿದ್ದ. ಅವನ ಹಿಂದೆ ತಿಪ್ಪೆಗುಂಡಿ ಇತ್ತು.

ಮದುವೆ ಗಂಡು ಬಿಳಿ ಅಂಗಿ, ಜರಿ ವಲ್ಲಿ ಸಮೇತ ಸೊಂಟದವರೆಗೆ ಸಗಣಿಯಲ್ಲಿ ಇಳಿದ! ಅಂಗಳದಲ್ಲಿ ಕರಿಯನ ಗೊರಕೆಯೊಂದೇ ಕೇಳಿಸುತ್ತಿತ್ತು. ಬಾಗಿಲಲ್ಲಿ ಗಿರಿಜೆ ನಿಂತಿದ್ದಳು. ಅವಳ ಕೈಯಲ್ಲಿ ಎಲೆಅಡಿಕೆಯ ತಟ್ಟೆ ಇತ್ತು. ಆ ಮುಖ ಕಂಡು ನನ್ನ ಹುಮ್ಮಸ್ಸೆಲ್ಲ ಜರ್ರನೆ ಇಳಿಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಗಿರಿಜೆ ಅಳಲಿಲ್ಲ. ತಟ್ಟೆಯನ್ನು ಜಗಲಿಯ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವಿಯಿಂದ ನೀರು ಸೇದಿ ತಂದು ಬಸಣ್ಣನ ಮುಂದೆ ಕೊಡ ಇಟ್ಟಳು. ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೆ ಮುಗಿಯಿತು. ಅವನು ಸಗಣಿಯ ಮುಖದಲ್ಲೇ ಅವಳನ್ನು ನೋಡಿದ.

"ನಮ್ಮಣ್ಣ ಒಳ್ಳೇರು ಕಣ್ರೀ. ಈಗೀಗ ಸ್ವಲ್ಪ ಹಿಂಗಾಗವ್ರೆ," ಎಂದಳು.

ನೀಲಿ ಕೊಟ್ಟಿಗೆಯಿಂದ ಖಾಲಿ ಸೀಸೆಯೊಂದನ್ನು ಹಿಡಿದುಕೊಂಡು ಬಂದು ಮರುಳಪ್ಪನವರ ಕೈಗೆ ಕೊಟ್ಟಳು. ಅವರು ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದು ಸಾರಾಯಿ ಕಣಪ್ಪಾ. ಬೆಲ್ಲ ಹಾಕಿ ಬಣ್ಣ ಕಟ್ಟವ್ರೆ."

ಸಾರಾಯಿ! ದಾರಿಯಲ್ಲಿ ಹೆಂಡದಂಗಡಿ ಬಂದರೆ ನಮ್ಮ ತಂದೆ ಗಾಡಿಯನ್ನು ಹೊಲಕ್ಕಿಳಿಸಿ ಸುತ್ತು ಹಾಕಿಸುತ್ತಿದ್ದರು. ಅಂಥವರ ಮಗ ನಾನು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ! ಮಗುವಿಗೂ ಕುಡಿಸಿದೆನಲ್ಲ! ನೀಲಿಯನ್ನು ಎಳೆದುಕೊಂಡು ಬಾಯಿ ತೆರೆಸಿ ನೋಡತೊಡಗಿದೆ. ಅವಳು ಕೊಸರಿಕೊಂಡಳು.

"ನಾನೆಲ್ಲಿ ಕುಡ್ದೆ? ಒಂದು ದಿನಾನೂ ನುಂಗಿಲ್ಲ, ಕೊಟ್ಟಿಗೇಲಿ ಕರಿಯನ ಕಲಗಚ್ಚಿನ ಬಾನಿಗೆ ಉಗುಳ್ತಿದ್ದೆ. ಇವತ್ತು ಬೀಗರ ಮುಂದೆ ನೀನು ಇನ್ನೂ ಕುಡ್ದು ಹಾಡಿದ್ರೆ ಅತ್ತೆ ಅಳ್ತಾಳೆ ಅಂತ ಸೀಸೇಲಿ ಉಳಿದಿದ್ದನ್ನೆಲ್ಲ ಬಾನಿಗೇ ಸುರಿದೆ. ಕರಿಯ ಕುಡ್ಕೊಂತು."

ಹಾಲಮ್ಮ ಅವಳನ್ನು ಬಾಚಿ ಎತ್ತಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ಅದು ಟಾನಿಕ್ಕಿನಿಂದ ಬಂದದ್ದಲ್ಲ.

ಮರುಳಪ್ಪನವರು ಮೀಸೆ ನೀವಿಕೊಂಡರು. ಮಗನ ಕಡೆ ನೋಡಿದರು. ಅವನು ಕೊಡದ ನೀರನ್ನು ತಲೆಗೆ ಸುರಿದುಕೊಳ್ಳುತ್ತ ನಗುತ್ತಿದ್ದ. ಗಿರಿಜೆ ಎರಡನೆಯ ಕೊಡ ತಂದಿದ್ದಳು. ಆಮೇಲೆ ಅವರು ನನಗಲ್ಲ, ಹಾಲಮ್ಮನಿಗೆ ಹೇಳಿದರು.

"ಹೆಣ್ಣು ಒಪ್ಪಿಗೆ ಕಣಮ್ಮಾ. ಮನೇಲಿ ರಂಪ ಆದಾಗ ಅಳದೆ ನೀರು ತಂದ್ಲು, ಅಂಥವಳು ನಮಗೆ ಬೇಕು. ಮಗೂನೂ ಬಂಗಾರದಂಥಾದ್ದು. ಒಂದೇ ಮಾತು. ಮದುವೆ ದಿನ ನಿಮ್ಮ ಯಜಮಾನ್ರನ್ನ ಯಾರಾದ್ರೂ ಹಿಡ್ಕಂಡಿರಬೇಕು."

ನಾನೇ ಗಟ್ಟಿಯಾಗಿ ಆಗಲಿ ಎಂದೆ. ಇನ್ನೇನು ಹೇಳಲಿ? ಯಾರು ಹಿಡಿದುಕೊಳ್ಳಬೇಕು ಎಂದು ಯೋಚನೆಯಾಯಿತು. ಹಾಲಮ್ಮನ ತಂದೆ ಮುದುಕರು, ಆಳುಗಳು ನನಗೆ ಹೆದರುವವರು. ಕೊನೆಗೆ ಆ ಹೊಣೆ ನೀಲಿಯ ಮೇಲೆ ಬಿತ್ತು.

ಅವಳು ಅದನ್ನು ಹಬ್ಬದ ಹಾಗೆ ನಡೆಸಿದಳು. ಧಾರೆಯಿಂದ ಊಟದವರೆಗೆ ನನ್ನ ಪಂಚೆಯ ಚುಂಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನಾನು ಎದ್ದರೆ ಎಳೆಯುವಳು, ಕೂರುತ್ತಿದ್ದೆ. ಗಂಟಲು ಸರಿಮಾಡಿಕೊಂಡರೆ ಎಳೆಯುವಳು, ಸುಮ್ಮನಾಗುತ್ತಿದ್ದೆ. ಗಿರಿಜೆ ಬಸಣ್ಣನ ಪಕ್ಕದಲ್ಲಿ ಕೂತು ಹೂವಿನ ಸಂದಿನಿಂದ ನಮ್ಮನ್ನು ನೋಡಿ ನಗುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ.

ಊಟದ ಪಂಕ್ತಿಯಲ್ಲಿ ಅಜ್ಜಂಪುರದ ಹೆಂಗಸೊಬ್ಬರು ನನ್ನ ಮುಂದೆ ನಿಂತರು. ಏಳು ವರ್ಷದ ಮಗು ಇಷ್ಟು ಜವಾಬ್ದಾರಿಯಿಂದ ಒಂದೇ ಕಡೆ ಕೂತದ್ದನ್ನು ತಾವು ಎಲ್ಲೂ ಕಂಡಿಲ್ಲವೆಂದರು. ತಮ್ಮ ಮೊಮ್ಮಗ ಬಹಳ ತುಂಟನಂತೆ. ನಾವು ನೀಲಿಗೆ ಏನು ತಿನ್ನಿಸಿ ಬೆಳೆಸಿದ್ದೇವೆ ಎಂದು ಕೇಳಿದರು.

ನಾನು ಎಲೆಯಿಂದ ಕೈ ತೆಗೆದೆ. ಬೆನ್ನು ನೆಟ್ಟಗೆ ಮಾಡಿಕೊಂಡೆ. ಇಂಥ ಪ್ರಶ್ನೆಗೆ ನಾನು ಎಷ್ಟು ದಿನದಿಂದ ಕಾಯುತ್ತಿದ್ದೆ!

ನೀಲಿ ಚುಂಗು ಎಳೆದಳು.

ಪಾಯಸ ಚೆನ್ನಾಗಿದೆ ಎಂದೆ.