ಕಿಟಕಿ ಪಕ್ಕದ ಕಾಮಕಸ್ತೂರಿ

ಆ ಆಫೀಸಿಗೆ ಇದ್ದದ್ದು ಒಂದೇ ಕಿಟಕಿ. ಅದರ ಪಕ್ಕದ ಮೇಜು ಹಿರಿಯ ಗುಮಾಸ್ತರದು. ಹನ್ನೊಂದು ವರ್ಷ ರೆಕಾರ್ಡ್ ರೂಮಿನ ಧೂಳು ಕುಡಿದ ಮೇಲೆ ದಕ್ಕಿದ ಜಾಗ. ಮ್ಯಾನೇಜರು ಬೀಜದ ಪೊಟ್ಟಣವೊಂದನ್ನು ತಂದು ಆ ಮೇಜಿನ ಮೇಲಿಟ್ಟಾಗಲೇ ಗುಮಾಸ್ತರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

"ನೇರಳೆ ಎಲೆಯ ಕಾಮಕಸ್ತೂರಿ ಕಣ್ರೀ. ಬಾಗಿಲ ಮುಂದಿನ ಕುಂಡಗಳಿಗೆ ಚೆನ್ನಾಗಿರುತ್ತೆ. ಬಿಸಿಲು ಬೀಳೋದು ನಿಮ್ಮ ಹತ್ರಾನೇ. ತಿಂಗಳೊಳಗೆ ಸಸಿ ತೋರಿಸಿ. ಇಲ್ಲಾಂದ್ರೆ ನೀವು ವಾಪಸ್ ರೆಕಾರ್ಡ್ ರೂಮಿಗೆ!"

ಗುಮಾಸ್ತರು ಹೆತ್ತ ಮಕ್ಕಳನ್ನೂ ಅಷ್ಟು ಮುದ್ದಿನಿಂದ ಸಾಕಿರಲಿಲ್ಲ. ತಟ್ಟೆಯಲ್ಲಿ ಮಣ್ಣು ಹರವಿ ಬೀಜ ಬಿತ್ತಿದರು, ಚಮಚದಲ್ಲಿ ನೀರು ಹನಿಸಿದರು, ಫೈಲು ಹಿಡಿದು ಗಾಳಿಗೆ ಅಡ್ಡ ನಿಂತರು. ನಲವತ್ತು ಸಸಿ ಬಂದವು. ಇವತ್ತು ನಾಲ್ಕು ಗಂಟೆಗೆ ತಪಾಸಣೆ.

ಬೆಳಿಗ್ಗೆ ಪೊಟ್ಟಣದ ಹಿಂಬದಿಯನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. "ಸಸಿ ಒತ್ತೊತ್ತಾಗಿ ಬಂದರೆ ಬಲವಾದವನ್ನು ಉಳಿಸಿ, ಮಿಕ್ಕವನ್ನು ಕಿತ್ತುಹಾಕಿ." ಅವರಿಗೆ ಕೀಳಲು ಮನಸ್ಸು ಬರಲಿಲ್ಲ. ಆದರೆ ಇಡೀ ಆಫೀಸು ಕೇಳಿಸಿಕೊಂಡಿತ್ತು.

ಒಂದು ಸಹಿಗೆಂದು ಮಹಡಿ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ತಟ್ಟೆ ಬೋಳಾಗಿತ್ತು.

"ನಿಮ್ಮ ಕೈಲಿ ಆಗಲ್ಲಾಂತ ನಾನೇ ಮುಗಿಸಿಬಿಟ್ಟೆ," ಎಂದ ರವಾನೆ ಗುಮಾಸ್ತ, ಕೈಗೆ ಮೆತ್ತಿದ ಮಣ್ಣು ಕೊಡವುತ್ತ. "ಗಿಡ್ಡದ್ದೆಲ್ಲ ದಂಡ ಸಾರ್. ಉದ್ದ ಬೆಳೆದದ್ದೇ ಬಲವಾದದ್ದು."

ಗುಮಾಸ್ತರು ಉಳಿದವನ್ನು ಎಣಿಸಿದರು. ಇಪ್ಪತ್ತಾದರೂ ಉಳಿದಿವೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಊಟಕ್ಕೆ ಹೋದರು. ಅಯ್ಯೋ, ಮನುಷ್ಯನಿಗೆ ಒಂದು ಹೊತ್ತು ಊಟ ಬಿಟ್ಟರೆ ಏನಾಗುತ್ತಿತ್ತು!

ವಾಪಸ್ ಬಂದಾಗ, ಅರ್ಧ ದಿನ ರಜೆ ಮುಗಿಸಿ ಬಂದ ಟೈಪಿಸ್ಟ್ ಮೇಡಂ ಆ ಪೊಟ್ಟಣ ಓದುತ್ತ ತಟ್ಟೆಯ ಮುಂದೆ ನಿಂತಿದ್ದರು. "ಉದ್ದಕ್ಕೆ ಬಳುಕಿದ್ದೆಲ್ಲ ಕೆಲಸಕ್ಕೆ ಬಾರದ್ದು ಸಾರ್, ಬೆಳಕು ಸಾಲದೆ ಹಾಗಾಗುತ್ತೆ. ಗಿಡ್ಡಕ್ಕೆ ಕೂತದ್ದೇ ಬಲವಾದದ್ದು. ಉದ್ದದ್ದನ್ನೆಲ್ಲ ಕಿತ್ತುಹಾಕಿದೆ. ಆಮೇಲೆ ನೋಡ್ತೀನಿ, ಗಿಡ್ಡವೇ ಕಾಣ್ತಿಲ್ಲ!"

ಗುಮಾಸ್ತರು ತಲೆಮೇಲೆ ಕೈಹೊತ್ತು ಕೂತರು. ಕಣ್ಣ ಮುಂದೆ ರೆಕಾರ್ಡ್ ರೂಮಿನ ಮಿಣಮಿಣ ಟ್ಯೂಬ್‌ಲೈಟು ಬಂದು ನಿಂತಿತು. ಕಸದ ಬುಟ್ಟಿ ಕೆದಕಿದರು, ಎಲ್ಲವೂ ಬಾಡಿದ್ದವು. ಕೊನೆಗೆ ತಟ್ಟೆಯ ಮೂಲೆಯಲ್ಲಿ, ಗಿಡದ ಹೆಸರು ಬರೆದು ಚುಚ್ಚಿದ್ದ ಕಡ್ಡಿಯ ಹಿಂದೆ, ಅತ್ತ ಉದ್ದವೂ ಅಲ್ಲದ ಇತ್ತ ಗಿಡ್ಡವೂ ಅಲ್ಲದ ಒಂದೇ ಒಂದು ಸಸಿ ಸಿಕ್ಕಿತು. ಅದನ್ನು ಕುಂಡಕ್ಕೆ ನೆಟ್ಟು, ಯಾರೂ ಹತ್ತಿರ ಸುಳಿಯದಂತೆ ಎರಡೂ ಕೈ ಅಡ್ಡ ಹಿಡಿದು ನಾಲ್ಕು ಗಂಟೆಯವರೆಗೆ ಕಾವಲು ಕೂತರು.

ಮ್ಯಾನೇಜರು ಬಂದರು. ಬಗ್ಗಿ ನೋಡಿದರು.

"ಭಲೆ! ನಮ್ಮನೇಲಿ ಮೂರು ಪೊಟ್ಟಣ ಹಾಕಿದೆ, ಒಂದೂ ಏಳಲಿಲ್ಲ. ಇಲ್ಲಿ ನೋಡಿ, ಎಂಥಾ ಬಣ್ಣ!"

ಗುಮಾಸ್ತರು ಹೋದ ಉಸಿರು ಬಂದಂತಾಗಿ ನಕ್ಕರು. "ಹಾಗಾದ್ರೆ ಕಿಟಕಿ...?"

"ಅದರದ್ದೇ ಪ್ರಭಾವ ಕಣ್ರೀ! ಇಂಥ ಬೆಳಕು ದಂಡ ಮಾಡಬಾರದು. ನಾಳೆಯಿಂದ ಇಲ್ಲಿ ಹತ್ತು ತಟ್ಟೆ ಇಡಿಸೋಣ." ಮ್ಯಾನೇಜರು ಅಟೆಂಡರ್ ಕಡೆ ತಿರುಗಿದರು. "ಈ ಮೇಜು ಎತ್ತಿ ರೆಕಾರ್ಡ್ ರೂಮಿಗೆ ಹಾಕಪ್ಪ."

"ಸಾರ್, ನಾನು?"

"ನೀವು ದಿನಾ ಎರಡು ಸಲ ಬಂದು ನೀರು ಹಾಕಿ ಹೋಗಿ."