ಲುಪುನ ಮರದ ನೇಮಕಾತಿ

ಉಕಯಾಲಿ ನದಿ ದಂಡೆಯ ನಮ್ಮ ಪುರಸಭೆಯಲ್ಲಿ ಅನುಭವಿ ಮಾರ್ಗದರ್ಶಕರ ಹುದ್ದೆಯನ್ನು ಸದ್ಯ ಒಂದು ಲುಪುನ ಮರ ನಿರ್ವಹಿಸುತ್ತಿದೆ. ಅದರ ನಡತೆಯ ಬಗ್ಗೆ ಇದುವರೆಗೆ ಒಂದೂ ದೂರು ಬಂದಿಲ್ಲ.

ಹುದ್ದೆ ಸೃಷ್ಟಿಯಾದುದಕ್ಕೆ ಕಾರಣವಿತ್ತು. ಕಣ್ಣೆದುರು ದೃಶ್ಯಗಳನ್ನು ಮೂಡಿಸುವ ಅಯಾವಾಸ್ಕ ಬಳ್ಳಿಯ ಕಷಾಯ ಕುಡಿದು ಮನಸ್ಸಿನ ಕಾಯಿಲೆ ವಾಸಿಮಾಡಿಕೊಳ್ಳಲು ಬಂದ ಪ್ರವಾಸಿಯೊಬ್ಬರು, ಮಾರ್ಗದರ್ಶಕರು ಅನಗತ್ಯವೆಂದು ಒಬ್ಬರೇ ಕುಡಿದು, ಬರಿಯ ಟೋಪಿ ಧರಿಸಿ ಮಾರುಕಟ್ಟೆಗೆ ಬಂದು ಮೀನುಗಳ ಕ್ಷಮೆ ಯಾಚಿಸಿದರು. ವ್ಯಾಪಾರಕ್ಕೆ ಅಡ್ಡಿಯಾಯಿತು. ಅಂದಿನಿಂದ ಅನುಭವಿ ಮಾರ್ಗದರ್ಶಕರಿಲ್ಲದೆ ಯಾರೂ ಕಷಾಯ ಕುಡಿಯಕೂಡದು, ಕುಡಿಸಕೂಡದು ಎಂದು ಪ್ರಕಟಣೆ ಹೊರಟಿತು. ಅನುಭವಿ ಎಂದರೆ ಯಾರೆಂಬುದನ್ನು ನಾಲ್ಕನೆಯ ನಿಯಮ ಸ್ಪಷ್ಟಪಡಿಸಿತು: 'ಮೂವತ್ತು ವರ್ಷ ಎಡೆಬಿಡದೆ ಉಪ್ಪು, ಸಕ್ಕರೆ, ಹಂದಿಮಾಂಸ ಮತ್ತು ಸಂಗಾತಿಯನ್ನು ವರ್ಜಿಸಿರಬೇಕು.'

ಶಿಪಿಬೊ ಬುಡಕಟ್ಟಿನ ವೈದ್ಯೆ ನಿಮಿಯಾ ಸಿನುಯಿರಿ ಸಂದರ್ಶನಕ್ಕೆ ಬಂದರು. ಊರಿನ ಅರ್ಧ ಜನ ಆಕೆಯ ಹಾಡು ಕೇಳಿ ಗುಣವಾದವರು. ಹುದ್ದೆ ಸಿಗದಿದ್ದರೆ ಆಕೆ ಚಿಕಿತ್ಸೆ ನಡೆಸುವ ಮನೆಗೆ ಬೀಗ ಬೀಳುವುದಿತ್ತು.

"ಪಥ್ಯ ಮಾಡಿದೀರಾ, ದೋನ್ಯಾ?" ಎಂದು ನೇಮಕಾತಿ ಸಮಿತಿಯ ಅಧ್ಯಕ್ಷರಾದ ದೋನ್ ಸೆಬೇರೊ ಕೇಳಿದರು.

"ಮದ್ದಿನ ಗಿಡ ಕಲಿಯೋವಾಗೆಲ್ಲ ಮಾಡಿದೀನಿ. ಒಂದೊಂದಕ್ಕೂ ತಿಂಗಳುಗಟ್ಲೆ."

"ನಡುವೆ?"

"ನಡುವೆ ಆರು ಮಕ್ಕಳಾದ್ವು. ಅವೇನು ನದೀಲಿ ತೇಲ್ಕೊಂಡು ಬಂದ್ವಾ, ಸ್ವಾಮಿ? ಇನ್ನು ಹಂದಿ ತಿನ್ನಿಸಿದ್ದು ನೀವೇ, ನಿಮ್ಮ ಮದುವೇಲಿ."

ಅನರ್ಹರೆಂದು ದಾಖಲಿಸಲಾಯಿತು. ಬೀಗ ಹಾಕಲು ಶುಕ್ರವಾರ ನಿಗದಿಯಾಯಿತು.

ಹುದ್ದೆ ಖಾಲಿ ಉಳಿದುದರಿಂದ, ಮಾರ್ಗದರ್ಶಕರು ನಿಜಕ್ಕೂ ಬೇಕೇ ಎಂದು ಪರೀಕ್ಷಿಸಲು ಗುರುವಾರ ಸಮಿತಿಯೇ ಕಷಾಯ ಕುಡಿಯಿತು. ಈ ವಿಧಿ ಕತ್ತಲೆಯಲ್ಲಿ ನಡೆಯತಕ್ಕದ್ದು. ಕಚೇರಿಯ ವೇಳೆ ಹಗಲು. ಆದ್ದರಿಂದ ಸದಸ್ಯರು ಪುರಸಭೆಯ ಅಂಗಳದ ಲುಪುನದ ಕೆಳಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುಳಿತರು. ವಾಂತಿಗೆ ತಲಾ ಒಂದು ಬಕೆಟ್ಟು ಒದಗಿಸಲಾಗಿತ್ತು. ಕಾರ್ಯದರ್ಶಿಯಾದ ನಾನು ನಿಂಬೆಪಾನಕ ಕುಡಿದೆ. ಯಾರಾದರೂ ನೆಟ್ಟಗೆ ಕುಳಿತಿರಬೇಕಲ್ಲ.

ಊಟದ ಹೊತ್ತಿಗೆ ದೋನ್ ಸೆಬೇರೊ ಕಣ್ಣಿನ ಬಟ್ಟೆ ಕಿತ್ತೆಸೆದು ಮರವನ್ನು ತಬ್ಬಿ, ನನ್ನತ್ತ ನೋಡಿ ಅಳತೊಡಗಿದರು. "ಇದು ಉಪ್ಪು ತಿನ್ನಲ್ಲ, ಸೆನ್ಯೋರಾ. ಹಂದಿ ಮುಟ್ಟಲ್ಲ. ಹೆಂಡತೀನೂ ಇಲ್ಲ. ಇದನ್ನೇ ನೇಮಿಸಿ, ಬರ್ಕೊಳ್ಳಿ."

ಉಪಾಧ್ಯಕ್ಷರು ಬಕೆಟ್ಟಿನೊಳಗಿಂದ ಅನುಮೋದಿಸಿದರು. ಕೋರಂ ಇತ್ತು. ಬರೆದುಕೊಂಡೆ.

ಬಳಿಕ ಅಧ್ಯಕ್ಷರು ಮರಕ್ಕೆ ಹಬ್ಬಿದ ಬಳ್ಳಿ ಹಿಡಿದು ಕಚೇರಿಯ ಛಾವಣಿಗಿಂತ ಎತ್ತರಕ್ಕೆ ಏರಿ, ತಾವು ಹಕ್ಕಿಯೆಂದೂ ಈಗ ಹಾರುವುದಾಗಿಯೂ ಸಭೆಗೆ ತಿಳಿಸಿದರು. ನಾನು ನಿಮಿಯಾರನ್ನು ಕರೆಸಿದೆ. ಆಕೆ ಬಂದು ಮೇಲಕ್ಕೆ ಹೊಗೆಸೊಪ್ಪಿನ ಹೊಗೆ ಊದಿ ಹಾಡತೊಡಗಿದರು. ಅಧ್ಯಕ್ಷರು ಚಾಚಿದ್ದ ತೋಳು ಮಡಿಸಿ ಮತ್ತೆ ಬಳ್ಳಿ ಹಿಡಿದರು.

"ರೆಕ್ಕೆ ಆಮೇಲೆ ಬಿಚ್ಚೋಣ, ಮಗನೇ. ಮೊದ್ಲು ಬಲಗಾಲು ಆ ಗಂಟಿನ ಮೇಲಿಡು. ಹಾಂ. ಈಗ ಎಡಗಾಲು."

ಅಧ್ಯಕ್ಷರು ಇಳಿದರು. ನಿಮಿಯಾ ನನ್ನತ್ತ ತಿರುಗಿದರು.

"ಇವರು ಕುಡಿಯೋವಾಗ ಪಕ್ಕದಲ್ಲಿ ಯಾರಿದ್ರು?"

"ನಿಯಮಗಳಿದ್ದವು."

"ಅವಕ್ಕೆ ಹಾಡೋಕೆ ಬರುತ್ತಾ?"

ಆ ಪ್ರಶ್ನೆ ಕಾರ್ಯಸೂಚಿಯಲ್ಲಿರಲಿಲ್ಲ.

ಶುಕ್ರವಾರ ಎಲ್ಲರ ತಲೆ ತಿಳಿಯಾಯಿತು. ಆದರೆ ಕೋರಂ ಇದ್ದ ನಿರ್ಣಯವನ್ನು ಹಿಂಪಡೆಯಲು ಅವಕಾಶವಿಲ್ಲ. ಅಧ್ಯಕ್ಷರು ಸುರಕ್ಷಿತವಾಗಿ ಇಳಿದುದನ್ನು ಮರದ ಪ್ರಥಮ ಯಶಸ್ಸೆಂದು ದಾಖಲಿಸಲಾಯಿತು. ಮರಕ್ಕೆ ಮಾತು ಬಾರದ ಕಾರಣ ನಿಮಿಯಾರನ್ನು ಅದರ ದುಭಾಷಿಯಾಗಿ ನೇಮಿಸಿ, ಬೀಗವನ್ನು ಉಗ್ರಾಣಕ್ಕೆ ಮರಳಿಸಲಾಯಿತು. ಪ್ರತಿ ರೋಗಿಗೂ ಮಾರ್ಗದರ್ಶಕರ ಒಪ್ಪಿಗೆ ಬೇಕು. ಎಲೆ ಉದುರಿದರೆ ಒಪ್ಪಿಗೆ.

ಒಣಗಾಲದಲ್ಲಿ ಲುಪುನ ಪೂರ್ತಿ ಬೋಳಾಗುತ್ತದೆ. ಅದನ್ನು ಮಾರ್ಗದರ್ಶಕರ ವಾರ್ಷಿಕ ರಜೆಯೆಂದು ಪರಿಗಣಿಸಿದ್ದೇವೆ. ಆಗ ರೋಗಿಗಳು ಮೊದಲಿನಂತೆ ನೇರವಾಗಿ ನಿಮಿಯಾರ ಮನೆಗೆ ಹೋಗುತ್ತಾರೆ. ದೋನ್ ಸೆಬೇರೊ ಕೂಡ ಹೋಗುತ್ತಾರೆ, ದಾರಿಯಲ್ಲಿ ಮರಕ್ಕೆ ಟೋಪಿ ತೆಗೆದು ವಂದಿಸುತ್ತಾರೆ. ರಜೆಯಲ್ಲಿದ್ದರೂ ಮರ ಕಚೇರಿಯ ಅಂಗಳ ಬಿಟ್ಟು ಕದಲುವುದಿಲ್ಲ. ಉಳಿದ ನೌಕರರು ಇದನ್ನು ಗಮನಿಸತಕ್ಕದ್ದು.